ಅವ್ವನ ಮೊಣಕಾಲಿಗಾಗಿ ಇಳಿಸಿದ ಕಾರು

ಶಹಾಪುರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ನನಗೆ, ಕೇಳಿದರೆ ಮುಗಿಯುವ ಮಾತನ್ನೂ ಅಳೆದು ನೋಡುವ ಚಟ. ಆ ಚಟದಿಂದಲೇ ಒಂದು ಒಳ್ಳೆಯ ಕಾರನ್ನು ಕೆಡಿಸಿದೆ. ಕೆಡಿಸಿದ್ದು ಅವ್ವನಿಗಾಗಿ, ಅದೊಂದೇ ಸಮಾಧಾನ.

ಅವ್ವನ ಅಕ್ಕ, ನಮ್ಮ ದೊಡ್ಡವ್ವ, ಸುರಪುರದ ಹತ್ತಿರ ದೇವಾಪುರದಲ್ಲಿದ್ದಳು. ಅವ್ವನ ಮೊಣಕಾಲು ಕೈಕೊಟ್ಟ ಮೇಲೆ ಎರಡು ವರ್ಷ ಅಕ್ಕತಂಗಿ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಬಸ್ಸಿನ ಮೆಟ್ಟಿಲು ಏರಲಾಗದೆ ಅವ್ವ ಎರಡು ಸಲ ಬಸ್‌ಸ್ಟ್ಯಾಂಡಿನಿಂದಲೇ ತಿರುಗಿ ಬಂದಿದ್ದಳು. ಅಷ್ಟರಲ್ಲಿ ದೊಡ್ಡವ್ವನ ಫೋನ್ ಬಂತು.

“ಕಣ್ಣು ಮಸುಕಾಗಾಕತ್ತಾವ ತಂಗಿ. ಇನ್ನ ಏನೂ ಮಾಡಾಕ ಬರಾಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ಪೂರಾ ಹೋಗೂದ್ರೊಳಗ ನಿನ್ನ ಮುಖ ಒಮ್ಮಿ ನೋಡತೀನಿ, ಬಾ.”

ಅವ್ವ ಫೋನ್ ಇಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು.

ಕಾರು ನಮ್ಮಲ್ಲಿತ್ತು. ಆದರೆ ಅದು ಬಸ್ಸಿನ ತಮ್ಮನಂಥದು: ಕಾಲುವೆ ಕೆಲಸ ಹಿಡಿದಿದ್ದ ಗುತ್ತಿಗೆದಾರರೊಬ್ಬರಿಂದ ಕೊಂಡ, ಜೀಪಿನಷ್ಟು ಎತ್ತರದ ಹಳೆಯ ಗಾಡಿ. ಎತ್ತಿ ಕೂಡಿಸುತ್ತೇನೆ ಎಂದರೆ ಅವ್ವ ಸಿಡುಕಿದಳು. “ನಾನೇನು ಜ್ವಾಳದ ಚೀಲ ಏನು, ಎತ್ತಿ ಒಗ್ಯಾಕ?” ಸರಿ, ಶಾಲೆಯ ಅಳತೆಪಟ್ಟಿ ತಂದೆ. ಅವ್ವನ ಕಾಲು ಎಲ್ಲಿಯವರೆಗೆ ಏರುತ್ತದೆ ಎಂದು ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಕಾರಿನ ಬಾಗಿಲ ಬುಡವನ್ನೂ ಅಳೆದೆ. ನಡುವೆ ನಾಲ್ಕು ಬೆರಳಿನಷ್ಟು ಅಂತರ, ಏಳು ಸೆಂಟಿಮೀಟರ್. ಅವ್ವನನ್ನು ಎತ್ತರಿಸಲು ಬರುವುದಿಲ್ಲ, ಕಾರನ್ನೇ ಇಳಿಸೋಣ ಎಂದು ತೀರ್ಮಾನಿಸಿದೆ. ಎಂಥ ಬುದ್ಧಿವಂತ ನೋಡಿ.

ಯಾದಗಿರಿಯಲ್ಲೊಬ್ಬ ಮಿಸ್ತ್ರಿ ಹೈದರಾಬಾದಿನಿಂದ ಗಿಡ್ಡ ಸ್ಪ್ರಿಂಗ್ ತರಿಸಿದ. ಅದರಿಂದ ಗಾಡಿ ಐದು ಸೆಂಟಿಮೀಟರ್ ಇಳಿಯುತ್ತಿತ್ತು. ಉಳಿದ ಎರಡನ್ನು ನಾನು ಟಾಯರಿನಲ್ಲಿ ಹುಡುಕಿದೆ. ಟಾಯರಿನ ಮೇಲೆ ಬರೆದಿರುವ ಅಂಕಿಗಳಲ್ಲಿ ಮೊದಲಿನದು ಅಗಲ, ಮಿಲಿಮೀಟರಿನಲ್ಲಿ. ಎರಡನೆಯದು, ಆ ಅಗಲದಲ್ಲಿ ನೂರಕ್ಕೆ ಎಷ್ಟು ಪಾಲು ಟಾಯರಿನ ಗೋಡೆಯ ಎತ್ತರ ಎಂಬುದು. ನನ್ನ ಹಳೆಯ ಟಾಯರು 215, 75. ಅದನ್ನು ತೆಗೆದು 235, 60 ಹಾಕಿದರೆ ಗಾಡಿ ಸರಿಯಾಗಿ ಎರಡು ಸೆಂಟಿಮೀಟರ್ ಕೆಳಗಿಳಿಯುತ್ತದೆ. ಈ ಉತ್ತರ ಬಂದಾಗ ನನಗಾದ ಖುಷಿ ಹೇಳತೀರದು. ಮಿಸ್ತ್ರಿ ಮಾತ್ರ ಗದ್ದ ತುರಿಸಿಕೊಂಡ.

“ಸರ್, ಎತ್ತರ ಅದ ಅಂತನ ಇದನ್ನ ಕಾಲವಿ ಕೆಲಸಕ್ಕ ತಗೊಂಡಿದ್ರು. ತಗ್ಗ ಮಾಡಿದ್ರ ತಳ ಬಡೀತದ.”

“ಎಲ್ಲಾ ಅಳದೀನಿ ಮಿಸ್ತ್ರಿ. ನೀ ಹಾಕು.”

“ಆತ್ರಿ, ನೀವು ಮಾಸ್ತರ್ರು. ಸ್ಟೆಪ್ನಿಗೂ ಹೊಸಾ ಟಾಯರ್ ಹಾಕ್ರಿ ಮತ್ತ. ಬ್ಯಾರೆ ಸೈಜ್ ಇದ್ರ ದಾರ್ಯಾಗ ಕೆಲಸಕ್ಕ ಬರಾಂಗಿಲ್ಲ.”

ಬೇಡವೆಂದೆ. ಹಿಂದೆ ಬಿದ್ದಿರುವ ಸ್ಟೆಪ್ನಿಗೂ ಅವ್ವನ ಮೊಣಕಾಲಿಗೂ ಏನು ಸಂಬಂಧ?

ಹೊರಡುವ ದಿನ ಬೆಳಗ್ಗೆ ಅವ್ವ ಎರಡು ಚೀಲ ಬಿಳಿಜೋಳ ತುಂಬಿಸಿ ಬಾಗಿಲಲ್ಲಿ ನಿಲ್ಲಿಸಿದ್ದಳು. ಇಷ್ಟೊಂದು ಯಾಕೆ ಎಂದರೆ, “ಕಾಲವಿ ನೀರು ಬಂದಾಗಿಂದ ಅಕ್ಕನ ಊರಾಗ ಬರೇ ನೆಲ್ಲ ಬೆಳಿತಾರ. ರೊಟ್ಟಿಗೆ ಆಕಿ ಎಲ್ಲಿ ಹೋಗಬೇಕು? ಎರಡು ವರ್ಷದ ಮ್ಯಾಲ ಹೊಂಟೀನಿ, ಕೈಬೀಸ್ಕೊಂತ ಹೋಗ್ಲೇನು?” ಎಂದಳು. ಎರಡು ಚೀಲ, ರೊಟ್ಟಿಯ ಗಂಟು, ಶೇಂಗಾ ಹೋಳಿಗೆಯ ಡಬ್ಬಿ, ನನ್ನ ಹೆಂಡತಿ, ಕೊನೆಗೆ ಅವ್ವ. ಅವಳ ಕಾಲು ನಿಜಕ್ಕೂ ಬಾಗಿಲಿಗೆ ಮುಟ್ಟಿತು. ನಾನು ಮುಂಗೈ ಹಿಡಿದೆ, ಹೆಂಡತಿ ಹಿಂದಿನಿಂದ ಆಸರೆ ಕೊಟ್ಟಳು, ಎರಡನೆಯ ಸಲಕ್ಕೆ ಅವ್ವ ಒಳಗೆ ಕೂತಳು. ಗೆದ್ದೆ ಅಂದುಕೊಂಡೆ.

ಸುರಪುರ ದಾಟುವವರೆಗೆ ಎಲ್ಲವೂ ಚೆನ್ನಾಗಿತ್ತು. ದೇವಾಪುರದ ಹೊಲಗಳು ಕಾಣುವಷ್ಟರಲ್ಲಿ ರಸ್ತೆಗೆ ಅಡ್ಡವಾಗಿ ಮಣ್ಣಿನ ದಿಬ್ಬ ಬಂತು. ನಾಟಿಯ ಕಾಲ. ಈಚೆಯ ಕಾಲುವೆಯಿಂದ ಆಚೆಯ ಗದ್ದೆಗೆ ರೈತರು ರಸ್ತೆಯ ಮೇಲೇ ಪೈಪು ಹಾಸಿ, ಗಾಡಿ ಹೋದರೆ ಒಡೆಯಬಾರದೆಂದು ಮೇಲೆ ಮಣ್ಣು ಸುರಿಯುತ್ತಾರೆ. ಇಂಥ ದಿಬ್ಬ ನಾನು ನೂರಾರು ದಾಟಿದ್ದೆ, ಎತ್ತರದ ಗಾಡಿಯಲ್ಲಿ. ಮುಂದಿನ ಗಾಲಿಗಳು ದಾಟಿದವು, ಹಿಂದಿನವು ದಾಟಲಿಲ್ಲ. ತಳ ಗರ್ರೆಂದು ಉಜ್ಜಿ, ಕಾರು ಹೊಟ್ಟೆಯ ಮೇಲೆ ಕೂತುಬಿಟ್ಟಿತು. ಆಗ ಹೊಳೆಯಿತು: ನಾನು ಅಳೆದದ್ದು ಖಾಲಿ ಕಾರು. ನಮ್ಮ ಕಡೆ ಅಕ್ಕನ ಮನೆಗೆ ಖಾಲಿ ಕಾರು ಹೋಗುವುದುಂಟೆ?

ಗದ್ದೆಯಿಂದ ಒಬ್ಬ ರೈತ ಬಂದು ಬಗ್ಗಿ ನೋಡಿದ. “ಮಣ್ಣ ತೆಗ್ಯಾಕ ಬರಾಂಗಿಲ್ರಿ, ನನ್ನ ನೀರಿನ ಪಾಳಿ ನಡದದ. ಎಲ್ಲಾ ಇಳಸ್ರಿ, ಗಾಡಿ ಮ್ಯಾಲ ಬರ್ತದ.”

ಎಲ್ಲ ಇಳಿಸುವುದೆಂದರೆ ಅವ್ವನನ್ನೂ. ಇಳಿದವಳು ಮತ್ತೆ ಏರದಿದ್ದರೆ? ಅಕ್ಕನ ಊರು ಕಣ್ಣೆದುರಿಗಿದೆ, ಆದರೆ ಅವ್ವನ ಕಾಲಿಗೆ ಆ ಎರಡು ಮೈಲಿ ಕಾಶಿಯಷ್ಟು ದೂರ. ನನ್ನ ಮೇಲೆ ನನಗೇ ಸಿಟ್ಟು ಬಂದು ಕಣ್ಣಲ್ಲಿ ನೀರಾಡಿತು. ಅವ್ವ ನನ್ನ ಹೆಗಲು ಹಿಡಿದು ಇಳಿದಳು, ಒಂದೊಂದೇ ಹೆಜ್ಜೆ ಇಟ್ಟು ಹೇಗೋ ದಿಬ್ಬ ದಾಟಿ ನಿಂತಳು. ಕೂಡಲು ಒಂದು ಕಲ್ಲೂ ಇರಲಿಲ್ಲ. ಭಾರ ಕಡಿಮೆಯಾಗಲೆಂದು ರೈತ ಇಳಿಸಿದ್ದ ಸ್ಟೆಪ್ನಿಯನ್ನು ಉರುಳಿಸಿಕೊಂಡು ಹೋಗಿ ನೆಲಕ್ಕೆ ಅಡ್ಡ ಹಾಕಿದೆ. ಗಾಡಿಯಲ್ಲಿ ಬಿದ್ದಿದ್ದ ಖಾಲಿ ಚೀಲವೊಂದನ್ನು ಮಡಚಿ ಹಾಸಿ ಅವ್ವನನ್ನು ಕೂಡಿಸಿದೆ. ನಾವು ಮೂವರು ಚೀಲ ಇಳಿಸಿ, ಕಾರನ್ನು ನೂಕಿ ದಾಟಿಸಿದೆವು.

ಚೀಲಗಳನ್ನು ಮತ್ತೆ ಏರಿಸುತ್ತಿದ್ದಾಗ ಹಿಂದಿನಿಂದ ಅವ್ವನ ದನಿ ಕೇಳಿತು. “ಏ, ಇದನ್ನ ಬಾಗಲದ ಕಡೆ ಸರಸು.”

ಟಾಯರನ್ನು ಬಾಗಿಲ ಬುಡಕ್ಕೆ ಸರಿಸಿದೆ. ಅವ್ವ ಬಾಗಿಲು ಹಿಡಿದು ಅದರ ಮೇಲೆ ಒಂದು ಕಾಲಿಟ್ಟಳು, ಇನ್ನೊಂದಿಟ್ಟಳು, ಯಾರ ಕೈಯನ್ನೂ ಕೇಳದೆ ಒಳಗೆ ಹೋಗಿ ಕೂತಳು.

“ಇಷ್ಟ ಮಾಡಿದ್ರ ಸಾಕಿತ್ತಲ್ಲೋ. ಗಾಡಿ ಯಾಕ ಕೆಡಿಸಿದಿ?”

215. ಸ್ಟೆಪ್ನಿಯಲ್ಲಿ ಉಳಿದಿದ್ದ ಹಳೆಯ ಟಾಯರಿನ ಅಗಲ. ಅಡ್ಡ ಮಲಗಿಸಿದರೆ ಇಪ್ಪತ್ತೊಂದೂವರೆ ಸೆಂಟಿಮೀಟರಿನ ಮೆಟ್ಟಿಲು. ನಾನು ಸ್ಪ್ರಿಂಗ್ ಬದಲಿಸಿ, ಟಾಯರ್ ಬದಲಿಸಿ ಗಳಿಸಿದ್ದು ಏಳು. ನಾಚಿಕೆಯಾಯಿತು, ಆದರೆ ನಾಚಿಕೆಗಿಂತ ಹೆಚ್ಚಾಗಿ ಎದೆಯ ಮೇಲಿನ ಕಲ್ಲು ಇಳಿದಂತಾಗಿ ರಸ್ತೆಯಲ್ಲೇ ನಕ್ಕುಬಿಟ್ಟೆ.

ದೊಡ್ಡವ್ವ ಅವ್ವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿ ನೋಡಿದಳು. “ಕಾಣ್ತೀ. ಮುದುಕಿ ಆಗೀದಿ,” ಅಂದಳು. ಇಬ್ಬರೂ ಅತ್ತರು. ಸಂಜೆಗೆ ನಾವು ಹೊರಟಾಗ ಎರಡು ಚೀಲ ಅಕ್ಕಿ ಕಾರಿಗೆ ಬಂದವು. ನಾನು ಅವ್ವನಿಗೆ ಟಾಯರ್ ಹಾಕಿ ಕೊಟ್ಟೆ. ಅವಳು ಒಳಗೆ ಕೂತ ಮೇಲೆ ದೊಡ್ಡವ್ವ ಕಾಲಿನಿಂದ ಟಾಯರನ್ನು ತಡವಿ ನೋಡಿದಳು.

“ನನಗೂ ಏರಾಕ ಆಗ್ತದಲ್ಲ ಇದು. ನಾನೂ ಬರ್ತೀನಿ ನಡೀರಿ, ನಾಕ ದಿನ ಇದ್ದು ಬರ್ತೀನಿ.”

ದಿಬ್ಬದ ಹತ್ತಿರ ಮತ್ತೆ ಎಲ್ಲರೂ ಇಳಿದರು. ನಾನು ಕಾರು ದಾಟಿಸಿ ತಿರುಗಿ ನೋಡಿದರೆ ಅಕ್ಕತಂಗಿ ಕೈ ಹಿಡಿದುಕೊಂಡು ದಿಬ್ಬದ ಮೇಲೆ ನಿಂತಿದ್ದರು. ಗದ್ದೆಯಲ್ಲಿ ನೀರು ಎಲ್ಲಿಯವರೆಗೆ ನಿಂತಿದೆ, ಯಾರು ಯಾವ ಬಣ್ಣದ ಸೀರೆ ಉಟ್ಟು ನಾಟಿ ಮಾಡುತ್ತಿದ್ದಾರೆ ಎಂದು ಅವ್ವ ಬೆರಳು ತೋರಿಸಿ ಹೇಳುತ್ತಿದ್ದಳು, ದೊಡ್ಡವ್ವ ಆ ಕಡೆ ಮುಖ ಮಾಡಿ ಹೂಂ ಅನ್ನುತ್ತಿದ್ದಳು. ಮುಂದಿನ ವಾರ ಯಾದಗಿರಿಗೆ ಹೋಗಿ ಹಳೆಯ ಸ್ಪ್ರಿಂಗನ್ನೇ ಹಾಕಿಸಬೇಕು, ಮಿಸ್ತ್ರಿಯ ನಗು ನೋಡಬೇಕು. ನೋಡೋಣ ಬಿಡು ಅಂದುಕೊಂಡು, ಹಾರ್ನ್ ಹೊಡೆಯದೆ, ಬಾಗಿಲ ಬುಡಕ್ಕೆ ಟಾಯರ್ ಹಾಕಿ ಅವರಿಗಾಗಿ ಕಾದು ನಿಂತೆ.