ಒಂದೇ ಸಾಕೆಟ್ಟು, ಮೂರು ವೈರು

ಭೋಸರಿಯ ನಮ್ಮ ಕಾರ್ಖಾನೆಯ ಕಂಟ್ರೋಲ್ ರೂಮಿನಲ್ಲಿ ಒಂದು ವೈರ್‌ಲೆಸ್ ಸೆಟ್ಟಿದೆ. ಗಾಡಿಗೆ ಕೂಡಿಸುವ ಸೆಟ್ಟನ್ನೇ ತಂದು ಮೇಜಿಗೆ ಬಿಗಿದಿದ್ದಾರೆ. ಗೇಟಿನವರು, ಕ್ರೇನಿನವರು, ಫೈರ್ ಗಾಡಿಯವರು, ಎಲ್ಲರೂ ತಮ್ಮ ವಾಕಿಟಾಕಿಯಿಂದ ನನ್ನನ್ನೇ ಕರೆಯುತ್ತಾರೆ. ಸ್ಕೂಟಿಯಿಂದ ಬಿದ್ದು ನನ್ನ ಬಲಗೈ ಶಕ್ತಿ ಕಳೆದುಕೊಂಡ ಮೇಲೂ ಕರೆಯುತ್ತಾರೆ. ಅದು ಸುಮ್ಮನೆ ಆದದ್ದಲ್ಲ.

ರಜೆ ಮುಗಿಸಿ ಬಂದ ದಿನ ಮ್ಯಾನೇಜರ್ ಬಹಳ ಮೆತ್ತಗೆ ಮರಾಠಿಯಲ್ಲಿ ಹೇಳಿದರು: "ಇನ್ನು ನೀವು ರಿಸೆಪ್ಶನ್ನಿನಲ್ಲಿ ಕೂತುಬಿಡಿ. ಬಂದವರಿಗೆ ನಮಸ್ಕಾರ ಹೇಳಿದರೆ ಸಾಕು." ಎಡಗೈ ಮೈಕು ಹಿಡಿದು ಗುಂಡಿ ಒತ್ತಿದರೆ ಫೋನ್ ಎತ್ತುವುದು ಹೇಗೆ, ಬರೆದುಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ಸರಿಯೇ ಇತ್ತು. ಉತ್ತರವನ್ನೂ ಅವರೇ ಹೇಳಿಬಿಟ್ಟದ್ದು ನನಗೆ ಸಹಿಸಲಾಗಲಿಲ್ಲ. "ಸ್ವಲ್ಪ ದಿನ ಕೊಡಿ" ಎಂದೆ. ಉತ್ತರಕ್ಕೆ ಕಾಯಲಿಲ್ಲ. ನಾನು ಹೋಗಿ ನನ್ನ ಕುರ್ಚಿಯಲ್ಲೇ ಕೂತೆ.

ಎಲೆಕ್ಟ್ರಾನಿಕ್ ಸಾಮಾನು ಸಿಗುವ ಬುಧವಾರ ಪೇಟೆಗೆ ಹೋಗಿ ಕಾಲಿನಿಂದ ಒತ್ತುವ ಪೆಡಲು, ಮೇಜಿನ ಮೇಲೆ ತಾನೇ ನಿಲ್ಲುವ ಮೈಕು ತಂದೆ. ಸೆಟ್ಟು ರಿಪೇರಿ ಮಾಡುವ ಕಾಕಾ ವಿಜಯಪುರದ ಕಡೆಯವರು. ಅವರ ಮುಂದೆ ಎರಡನ್ನೂ ಇಟ್ಟೆ.

"ಎಲ್ಲಿ ಹಚ್ಚೂದವ್ವಾ ಇವನ್ನ? ಹಿಂದ ಒಂದ ಸಾಕೆಟ್ ಅದ. ಅದರಾಗ ಆಗಲೇ ಹೊರಗಿನ ಸ್ಪೀಕರ್ ಕುಂತದ."

"ಸಾಕೆಟ್ ಒಂದ ಇರ್ಲಿ ಕಾಕಾ. ಅದರಾಗ ತೂತು ಎಷ್ಟ ಅದಾವ ನೋಡ್ರಿ. ಸ್ಪೀಕರ್ ಹಿಡದದ್ದು ಎರಡ."

"ಖರೇ ಅದ. ಆದ್ರ ಭಾಳ ಕಿರಿಕಿರಿ ಕೆಲಸ."

"ನಾನೂ ಕಿರಿಕಿರೀನ ಅದೀನಿ. ಕುಂಡ್ರಿ."

ಅವರು ನಕ್ಕು ಕೂತರು. ಒಂದೊಂದು ವೈರಿನ ತುದಿಗೂ ಪುಟ್ಟ ಪಿನ್ನು ಒತ್ತಿ, ಅದರದರ ತೂತಿಗೆ ಸೇರಿಸುತ್ತ ಹೋದರು. ನಾನು ಎಡಗೈಯಲ್ಲಿ ಟಾರ್ಚ್ ಹಿಡಿದೆ. ಪೆಡಲಿಗೂ ಮೈಕಿಗೂ ಬೇಕಾದ ನೆಗೆಟಿವ್ ತೂತು ಒಂದೇ ಇತ್ತು. ಎರಡು ವೈರನ್ನೂ ಬೆಸೆದು ಒಂದೇ ಪಿನ್ನಿಗೆ ತಂದರು. ಸ್ಪೀಕರಿನ ವೈರುಗಳನ್ನು ಮಾತ್ರ ಯಾವುದಕ್ಕೂ ತಾಗಗೊಡಲಿಲ್ಲ. ತಾಗಿದರೆ ಸೆಟ್ಟೇ ಸುಟ್ಟುಹೋದೀತು ಎಂದರು.

ಪ್ಲಗ್ಗು ಚುಚ್ಚಿದ ಕೂಡಲೇ ಮಾತು ಹೊರಗೆ ಹೋಗುವಾಗ ಉರಿಯುವ ಸೆಟ್ಟಿನ ಕೆಂಪು ದೀಪ ಹತ್ತಿತು. ಪೆಡಲಿನ ವೈರಿನ ಒಂದು ಎಳೆ ಪಕ್ಕದ ಪಿನ್ನಿಗೆ ತಾಗಿ, ಪೆಡಲು ಒತ್ತದಿದ್ದರೂ ಸೆಟ್ಟು ನಮ್ಮ ಮಾತನ್ನು ಹೊರಗೆ ಕಳಿಸುತ್ತಿತ್ತು. ಇಬ್ಬರೂ ಗಮನಿಸಲಿಲ್ಲ. ನಾನು ಮ್ಯಾನೇಜರ್ ವಿಷಯ ತೆಗೆದಿದ್ದೆ. ಸಿಟ್ಟು ಬಂದರೆ ನನ್ನ ಬಾಯಿಗೆ ಮರಾಠಿ ತಾನಾಗಿ ಬರುತ್ತದೆ. "ನನ್ನನ್ನು ಗೊಂಬೆ ಮಾಡಿ ಕೂಡಿಸುತ್ತಾರಂತೆ! ಕೈ ಹೋಗಿದೆ, ತಲೆ ಹೋಗಿಲ್ಲ. ಈ ಕುರ್ಚಿ ಬಿಡುವವಳಲ್ಲ ನಾನು."

ಗೇಟಿನ ವಾಚ್‌ಮನ್ ಓಡಿಬಂದ. ಇಡೀ ಕಾರ್ಖಾನೆಗೆ ಕೇಳಿಸುತ್ತಿದೆ, ನಿಲ್ಲಿಸಿ ಎಂದ. ಕಾಕಾ ಗಡಬಡಿಸಿ ಪ್ಲಗ್ಗು ಕಿತ್ತರು. ಅಷ್ಟರಲ್ಲಿ ಕೈಯಲ್ಲಿ ವಾಕಿಟಾಕಿ ಹಿಡಿದು ಮ್ಯಾನೇಜರೇ ಬಾಗಿಲಲ್ಲಿ ನಿಂತಿದ್ದರು.

"ನಾನು ಗೊಂಬೆ ಅಂದಿರಲಿಲ್ಲ" ಎಂದರು.

ಕ್ಷಮೆ ಕೇಳುವುದು ಸುಲಭವಿತ್ತು. "ಅಂದಿರಲಿಲ್ಲ ಸರ್. ಕೂಡಿಸುತ್ತಿದ್ದಿರಿ, ಅಷ್ಟೇ" ಎಂದೆ.

ಕಾಕಾ ತಲೆ ಎತ್ತದೆ ಆ ಎಳೆ ಕತ್ತರಿಸಿ, ಟೇಪು ಸುತ್ತಿ, ಪ್ಲಗ್ಗು ಮತ್ತೆ ಚುಚ್ಚಿದರು. ದೀಪ ಹತ್ತಲಿಲ್ಲ. ಮ್ಯಾನೇಜರ್ ಎದುರಿಗೇ ಪೆಡಲು ಒತ್ತಿ ಕ್ರೇನಿನವನನ್ನು ಕರೆದೆ. ಆತ ಓಗೊಟ್ಟ, ದನಿಯಲ್ಲಿ ನಗು ತುಂಬಿತ್ತು. ಅಷ್ಟರಲ್ಲಿ ಫೋನ್ ಬಡಿಯಿತು. ಎಡಗೈಯಲ್ಲಿ ಅದನ್ನೂ ಎತ್ತಿದೆ. ಮ್ಯಾನೇಜರ್ ಅದನ್ನು ನೋಡಿ ಹೊರಟುಹೋದರು.

ಆಮೇಲೆ ರಿಸೆಪ್ಶನ್ನಿಗೆ ಹೋಗುವ ಆರ್ಡರು ಬರಲಿಲ್ಲ. ನಾನು ಕೇಳಲೂ ಇಲ್ಲ. ಎಡಗೈಯಲ್ಲಿ ಬರೆಯುವುದು ಈಗ ರೂಢಿಯಾಗಿದೆ, ಅಕ್ಷರ ಮಾತ್ರ ಕೆಟ್ಟದು. ಓದಲಾಗದವರು ಬಂದು ನನ್ನನ್ನೇ ಕೇಳಲಿ.