ಕುರ್ಚಿಯಮ್ಮನ ಪಾಠ

ನಮ್ಮ ಕಚೇರಿಯಲ್ಲಿ ಅವರನ್ನು ಬೆನ್ನ ಹಿಂದೆ ಕುರ್ಚಿಯಮ್ಮ ಅನ್ನುತ್ತಿದ್ದೆವು. ಅವರಿಗೂ ಅದು ಗೊತ್ತಿತ್ತು. ಅವರದು ದುಭಾಷಿಯ ಕೆಲಸ. ಊರುಕೇರಿ ಬಿಟ್ಟು ಆಶ್ರಯ ಕೋರಿ ಬಂದವರ ಮಾತನ್ನು ವಕೀಲರಾದ ನಮಗೆ ತಿಳಿಸುವವರು, ತಿಂಗಳಿಗೊಮ್ಮೆ ನಮಗೆ ಪಾಠವನ್ನೂ ಮಾಡುವವರು. ಯಾರೇ ಕಕ್ಷಿದಾರರು ಬರಲಿ, ಮೊದಲು ಕೋಣೆಯ ಕುರ್ಚಿ ಎಣಿಸುತ್ತಿದ್ದರು. ಕಕ್ಷಿದಾರರಿಗೊಂದು, ವಕೀಲರಿಗೊಂದು, ತನಗೊಂದು. ನಾಲ್ಕನೆಯದಿದ್ದರೆ ಅರವತ್ತರ ಸೊಂಟ ಹಿಡಿದುಕೊಂಡೇ ಎತ್ತಿ ಹೊರಗಿಡುತ್ತಿದ್ದರು. ನಾವು ಮುಸಿಮುಸಿ ನಗುತ್ತಿದ್ದೆವು. ಕಾನೂನು ಓದಿದವರಿಗೆ ಕುರ್ಚಿ ಎತ್ತುವ ಪಾಠ ಬೇರೆ ಬೇಕೇ?

ಬೇಕಿತ್ತು. ನಾನಂತೂ ಎರಡು ಪಾಠಕ್ಕೆ ಚಕ್ಕರ್ ಹೊಡೆದಿದ್ದೆ.

ಅವರು ರಜೆಯಲ್ಲಿದ್ದ ದಿನ ಒಬ್ಬ ಹೆಂಗಸು ಬಂದಳು, ಜೊತೆಗೆ ಅವಳ ಭಾವ, ಅಂದರೆ ಗಂಡನ ಅಣ್ಣ. ಅವನಿಗೆ ಎರಡೂ ಭಾಷೆ ಬರುತ್ತಿತ್ತು. ಕೆಲಸ ಸಲೀಸಾಯಿತು ಅಂದುಕೊಂಡು ಅವನನ್ನೇ ಪಕ್ಕದಲ್ಲಿ ಕೂರಿಸಿದೆ. ಸೈನಿಕರು ಹಿಡಿದುಕೊಂಡು ಹೋದ ಮೇಲೆ ಏನಾಯಿತು ಅಂತ ಕೇಳಿದೆ. ಅವಳು ನೆಲ ನೋಡುತ್ತ ಎರಡು ಮಾತು ಹೇಳಿದಳು. "ಏನೂ ಆಗಲಿಲ್ಲವಂತೆ. ಎರಡು ದಿನ ಇಟ್ಟುಕೊಂಡು ಬಿಟ್ಟರಂತೆ," ಅಂದ ಭಾವ. ನಾನು ಹಾಗೇ ಬರೆದು, ಸಹಿ ಹಾಕಿಸಿ, ನ್ಯಾಯಮಂಡಳಿಗೆ ಸಲ್ಲಿಸಿಬಿಟ್ಟೆ.

ಕುರ್ಚಿಯಮ್ಮ ರಜೆ ಮುಗಿಸಿ ಬಂದಾಗ ವಿಚಾರಣೆಗೆ ಐದು ದಿನ ಇತ್ತು. ಅವರು ಭಾವನನ್ನು ಹೊರಗೆ ಕಳಿಸಿ ಅವಳೊಡನೆ ಕೂತರು. ಆ ಎರಡು ದಿನ ಏನಾಗಿತ್ತೆಂದು ಅವಳು ಆಗ ಹೇಳಿದಳು. ಅದನ್ನು ಇಲ್ಲಿ ಬರೆಯುವ ಹಕ್ಕು ನನಗಿಲ್ಲ.

"ಹೊಸ ಹೇಳಿಕೆ ಬೇಡ," ಅಂದರು ನಮ್ಮ ಸೀನಿಯರ್. "ಮಾತು ಬದಲಿಸಿದಳು ಅಂತ ಅರ್ಜಿಯನ್ನೇ ತಳ್ಳಿಹಾಕ್ತಾರೆ. ಆಮೇಲೆ ಅವಳನ್ನ ವಾಪಸ್ ಕಳಿಸೋದೇ."

"ಅವಳು ಮಾತು ಬದಲಿಸಿಲ್ಲ ಸಾರ್. ನಾವು ಸರಿಯಾಗಿ ಕೇಳಿರೋದೇ ಈಗ. ತಪ್ಪು ಮಾಡಿದವರು ತಪ್ಪು ಅಂತ ಬರೆದುಕೊಡಲಿ," ಅಂದರು ಕುರ್ಚಿಯಮ್ಮ.

"ಕಚೇರಿ ಮರ್ಯಾದೆ ಏನಾಗಬೇಕು?"

"ಕಚೇರಿ ಇಲ್ಲೇ ಇರುತ್ತೆ. ಆ ಸೈನಿಕರ ಕೈಗೆ ಮತ್ತೆ ಸಿಗೋಳು ಅವಳು."

ಕುರ್ಚಿಯಮ್ಮ ಚೀಲದಿಂದ ಮಾಸಿದ ಹಾಳೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಹಿಂದೆ ಆಶ್ರಯ ಕೋರಿ ಅವರೇ ಹಾಕಿದ್ದ ಅರ್ಜಿಗೆ ಬಂದಿದ್ದ ಉತ್ತರ: ಅರ್ಜಿದಾರಳು ಮೊದಲು ಏನೂ ಆಗಲಿಲ್ಲ ಎಂದಿದ್ದಳು, ಈಗ ಹೇಳುತ್ತಿರುವುದನ್ನು ನಂಬಲಾಗದು.

"ಅವತ್ತು ನನ್ನ ಪಕ್ಕ ಕೂತಿದ್ದವರು ನಮ್ಮ ಮಾವ. ತುಂಬಾ ಒಳ್ಳೆಯವರು. ಅದಕ್ಕೇ ಅವರೆದುರು ಬಾಯಿ ಬರಲಿಲ್ಲ. ನನ್ನ ವಕೀಲರು ಎರಡು ಸಾಲು ಬರೆದುಕೊಟ್ಟಿದ್ರೆ ಸಾಕಿತ್ತು. ಬರೆಯಲಿಲ್ಲ. ಏಳು ವರ್ಷ ಅಲೆದೆ."

ಸೀನಿಯರ್ ಹಾಳೆಯನ್ನು ಮುಟ್ಟಲೂ ಇಲ್ಲ. "ಹೊಸ ಹೇಳಿಕೆ ಸಲ್ಲಿಸಿದರೆ ಇಲ್ಲಿ ನಿಮ್ಮ ಪಾಠ ಮುಗೀತು," ಅಂದರು.

"ಮುಗೀಲಿ ಬಿಡಿ. ಮೆಟ್ಟಿಲ ಮೇಲೆ ಕೂತು ಮಾಡ್ತೀನಿ. ಕುರ್ಚಿ ಎತ್ತೋ ಕೆಲಸ ಉಳೀತು."

ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು, ನನ್ನ ಮೇಲೆಯೇ. ಸೀನಿಯರ್ ಎದುರಿಗೇ ಕೂತು ಪ್ರಮಾಣಪತ್ರ ಬರೆದೆ: ಭಾವನನ್ನು ಕೂರಿಸಿ ಕೇಳಿದ್ದು ನಾನು, ತಪ್ಪು ನನ್ನದು.

ವಿಚಾರಣೆಯ ದಿನ ಭಾವ ಹಿಂದಿನ ಸಾಲಿನಲ್ಲಿ ಬಂದು ಕೂತಿದ್ದ. ಅವನ ಪಕ್ಕದಲ್ಲಿ ಕೈಕಟ್ಟಿಕೊಂಡು ನಮ್ಮ ಸೀನಿಯರ್. ಅವಳು ಒಮ್ಮೆ ತಿರುಗಿ ನೋಡಿ ತಲೆ ತಗ್ಗಿಸಿದಳು. ನಾನು ಎದ್ದು ನಿಂತೆ.

"ಹಿಂದೆ ಕೂತಿರುವವರು ಹೊರಗೆ ಹೋಗಬೇಕು ಅಂತ ನನ್ನ ವಿನಂತಿ."

"ಎಲ್ಲರೂನಾ?" ನ್ಯಾಯಾಧೀಶರು ಹುಬ್ಬು ಗಂಟಿಕ್ಕಿದರು.

"ಎಲ್ಲರೂ ಸ್ವಾಮಿ. ನಮ್ಮ ಸೀನಿಯರ್ ಕೂಡ."

ನ್ಯಾಯಾಧೀಶರು ನನ್ನ ಪ್ರಮಾಣಪತ್ರವನ್ನು ಇನ್ನೊಮ್ಮೆ ಓದಿ, ಆಗಲಿ ಅಂದರು. ಬಾಗಿಲು ಮುಚ್ಚಿತು. ಅವಳು ತಲೆಯೆತ್ತಿ ಮಾತಾಡಿದಳು, ಕುರ್ಚಿಯಮ್ಮ ಅದನ್ನು ನಮ್ಮ ಭಾಷೆಯಲ್ಲಿ ಹೇಳಿದರು: "ಎಲ್ಲಾ ಹೇಳ್ತೀನಿ. ಬರ್ಕೊಳ್ಳಿ."

ಮೂರು ವಾರಕ್ಕೆ ಆದೇಶ ಬಂತು. ಅವಳಿಗೆ ಆಶ್ರಯ ಸಿಕ್ಕಿತು. ಸೀನಿಯರ್ ಕೂಡ ಆಡಿದ ಮಾತು ಉಳಿಸಿಕೊಂಡರು, ಪಾಠ ನಿಲ್ಲಿಸಿದರು.

ಈಗ ಪಾಠ ನ್ಯಾಯಮಂಡಳಿಯ ಮೆಟ್ಟಿಲ ಮೇಲೆ. ಹದಿನೇಳು ಜನ ವಕೀಲರು ಬರುತ್ತಾರೆ. ಕುರ್ಚಿಯಮ್ಮ ಪ್ರತಿ ಸಲವೂ ನನ್ನ ಕಡೆ ನೋಡಿ, "ಲಾಯರಮ್ಮ, ಶುರು ಮಾಡಿ," ಅನ್ನುತ್ತಾರೆ. ನಾನು ಎದ್ದು ನಿಂತು, ಹೋಗಿಬರುವ ಜನಕ್ಕೆಲ್ಲ ಕೇಳುವ ಹಾಗೆ, ನನ್ನ ತಪ್ಪನ್ನು ಹೇಳುತ್ತೇನೆ.