ಮಾಳಿಗೆಯ ಮೇಲಿನ ಒಂಟೆ

ನಮ್ಮ ಹುಮನಾಬಾದಿನ ಕಡೆ ಮಾಳಿಗೆಯೆಂದರೆ ಮಣ್ಣಿನದು. ಗೋಡೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿಕಟ್ಟಿಗೆ, ಎಲ್ಲಕ್ಕೂ ಮೇಲೆ ತುಳಿದು ಹದಗೊಳಿಸಿದ ಮಣ್ಣಿನ ಹಾಸು. ಬೇಸಿಗೆಯಲ್ಲಿ ಅಲ್ಲಿ ಮೆಣಸಿನಕಾಯಿ, ಸಂಡಿಗೆ, ನೆರೆಹೊರೆಯ ಹೆಂಗಸರ ಸುಖದುಃಖ, ಎಲ್ಲವೂ ಒಟ್ಟಿಗೆ ಒಣಗುತ್ತವೆ. ಮಳೆಗಾಲದಲ್ಲಿ ಬೆಕ್ಕೊಂದು ಸ್ವಲ್ಪ ಭಾರವಾಗಿ ಹೆಜ್ಜೆಯಿಟ್ಟರೂ ಕೆಳಗೆ ಉಣ್ಣುತ್ತ ಕುಳಿತವರ ತಾಟಿನಲ್ಲಿ ಮಣ್ಣು ಉದುರುತ್ತದೆ. ಓದುಗ ಮಿತ್ರರೆ, ನಮ್ಮೂರ ಈ ವಾಸ್ತುಶಾಸ್ತ್ರವನ್ನು ನಿಮಗೆ ಮೊದಲೇ ಅರಿಕೆ ಮಾಡುವುದಕ್ಕೆ ಕಾರಣವಿದೆ. ಇದು ತಿಳಿಯದಿದ್ದರೆ, ನನಗೆ ಹೆಣ್ಣು ಕೊಡಲು ಹಿಂಜರಿದ ಸಜ್ಜನರನ್ನು ನೀವು ಅನ್ಯಾಯವಾಗಿ ಬೈದೀರಿ.

ನಾನು ಯುದ್ಧಕ್ಕೆ ಹೋಗಿ ಬಂದವನು. ಹಾಗೆಂದು ನನ್ನನ್ನು ಶೂರನೆಂದು ಭಾವಿಸಬೇಡಿ. ಸೊಲ್ಲಾಪುರದಲ್ಲಿ ಓದು ಮುಗಿಸಿ, ಕೆಲಸ ಸಿಗದೆ ಅಲೆಯುತ್ತಿದ್ದಾಗ ಸೈನ್ಯಕ್ಕೆ ಸೇರಿ, ಲಾರಿ ನಡೆಸುವುದನ್ನು ಕಲಿತು, ಆಫ್ರಿಕ ಖಂಡದ ಉತ್ತರದಂಚಿನ ಮರಳಿನಲ್ಲಿ ಹಿಟ್ಟು, ಬೇಳೆ, ಉಳ್ಳಾಗಡ್ಡಿಗಳನ್ನು ಹೊತ್ತು ತಿರುಗಿದವನು. ವೈರಿಯ ಗುಂಡಿಗಿಂತ ಹೆಚ್ಚಾಗಿ ನನ್ನನ್ನು ಕಂಗೆಡಿಸಿದ್ದು ಉಳ್ಳಾಗಡ್ಡಿಗೆ ಬರುವ ಮೊಳಕೆ. ಹೀಗೆ ತಿರುಗುವಾಗ ಒಮ್ಮೆ ರಜೆ ಸಿಕ್ಕು, ಕೈರವಾನ್ ಎಂಬ ಹಳೆಯ ಪೇಟೆಯೂರನ್ನು ನೋಡಲು ಹೋದೆ.

ಆ ಊರಿನ ಸುತ್ತ ಎತ್ತರದ ಇಟ್ಟಿಗೆಯ ಗೋಡೆ. ಒಳಗೆ ಓಣಿಯೊಳಗೆ ಓಣಿ ಹುಟ್ಟಿ, ಬಂದವನ ಜಾಣತನವೆಲ್ಲ ಮೂರನೆಯ ತಿರುವಿನಲ್ಲಿ ಮುಗಿಯುವಂಥ ರಚನೆ. ಓಣಿಗಳಿಗೇ ಸೂರು ಹಾಕಿದ್ದರು. ಒಂದು ಓಣಿಯ ತುಂಬ ಬರೀ ಚಪ್ಪಲಿ, ಇನ್ನೊಂದರ ತುಂಬ ಬರೀ ಜಮಖಾನೆ, ಮತ್ತೊಂದರಲ್ಲಿ ತಾಮ್ರ ಬಡಿಯುವ ಸದ್ದು. ದಾರಿ ತಪ್ಪಿ ನಿಂತಿದ್ದ ನನ್ನನ್ನು ಕಂಡು ಒಬ್ಬ ಮುದಿ ವ್ಯಾಪಾರಿ ಕೈಹಿಡಿದು ತನ್ನ ಅಂಗಡಿಯಲ್ಲಿ ಕೂರಿಸಿಕೊಂಡ. ತಲೆಗೆ ನಮ್ಮ ಹೈದರಾಬಾದಿನವರು ಹಾಕುವಂಥ ಕೆಂಪು ರೂಮಿ ಟೋಪಿ, ಕಿವಿಯ ಮೇಲೆ ಮಲ್ಲಿಗೆಯ ಮೊಗ್ಗು. ಹಾಲಿಲ್ಲದ ಚಹಾ ಕೊಟ್ಟ; ಅದರಲ್ಲಿ ಪುದೀನದ ಎಲೆ ತೇಲುತ್ತಿತ್ತು. ರೊಟ್ಟಿ ಕೊಟ್ಟ, ಅದಕ್ಕೆ ಹಚ್ಚಿಕೊಳ್ಳಲು ಅವನು ಮುಂದಿಟ್ಟ ಕೆಂಪು ಖಾರವನ್ನು ನಾಲಿಗೆಗೆ ಇಟ್ಟುಕೊಂಡರೆ, ದೇವರಾಣೆ, ಅದು ನಮ್ಮ ಅಕ್ಕ ಅರೆಯುವ ರಂಜಕ! ನನ್ನ ಕಣ್ಣಲ್ಲಿ ನೀರು ಬಂತು. ಖಾರಕ್ಕೆಂದು ಅವನು ತಿಳಿದ. ನಾನೂ ಹಾಗೆಯೇ ತಿಳಿಯಲಿ ಎಂದು ಬಿಟ್ಟೆ.

ಆಮೇಲೆ ಅವನು ನನ್ನನ್ನು ಒಂದು ಕಟ್ಟಡಕ್ಕೆ ಕರೆದೊಯ್ದು, ಕಲ್ಲಿನ ಮೆಟ್ಟಿಲು ಹತ್ತಿಸಿದ. ಮೇಲೆ ಗುಮ್ಮಟದ ಕೋಣೆ. ಅದರ ನಡುವೆ ಕೆಳಗಿನ ಬಾವಿಯಿಂದ ನೀರೆತ್ತುವ ಚಕ್ರ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಆ ಚಕ್ರವನ್ನು ತಿರುಗಿಸುತ್ತಿದ್ದದ್ದು, ಮಾಳಿಗೆಯ ಮೇಲೆ, ಒಂದು ಒಂಟೆ.

ಇಷ್ಟೇ ನಾನು ಕಂಡದ್ದು. ಕಂಡದ್ದು ತಪ್ಪಲ್ಲ, ಊರಿಗೆ ಬಂದು ಹೇಳಿದ್ದು ತಪ್ಪು.

ನಿಜಾಮರ ಆಳಿಕೆ ಮುಗಿದು, ನಮ್ಮ ಕಡೆ ಕನ್ನಡ ಶಾಲೆಗಳು ಕಣ್ಣುಬಿಡುತ್ತಿದ್ದ ಕಾಲ ಅದು. ಕನ್ನಡ ಬಲ್ಲ ಮಾಸ್ತರರು ಸಿಗುವುದೇ ದುರ್ಲಭವಾಗಿದ್ದರಿಂದ ನನಗೆ ಹುಮನಾಬಾದಿನಲ್ಲಿ ಮಾಸ್ತರಿಕೆ ಸಿಕ್ಕಿತು. ಭೂಗೋಳ ಪಾಠ ಮಾಡುವಾಗ ಉತ್ಸಾಹ ತಡೆಯದೆ ಆ ಒಂಟೆಯ ವಿಷಯ ಹೇಳಿದೆ. ಸಂಜೆಯೊಳಗೆ ಅದು ಎಲ್ಲರ ಮನೆ ತಲುಪಿತ್ತು. ಎಲ್ಲರೂ ಒಮ್ಮೆ ತಲೆಯೆತ್ತಿ ತಮ್ಮ ತಮ್ಮ ಮಣ್ಣಿನ ಮಾಳಿಗೆಯನ್ನು ನೋಡಿಕೊಂಡರಂತೆ, ನಕ್ಕರಂತೆ. ಅಂದಿನಿಂದ ನಾನು ‘ಒಂಟಿ ಮಾಸ್ತರ’ನಾದೆ. ನಮ್ಮ ಕಡೆಯ ಬಾಯಲ್ಲಿ ಒಂಟೆಯೂ ಒಂಟಿಯೇ, ಮದುವೆಯಾಗದೆ ಉಳಿದವನೂ ಒಂಟಿಯೇ. ಒಂದೇ ಕಲ್ಲಿಗೆ ನನ್ನ ಎರಡು ಕೊರತೆಗಳನ್ನೂ ಹೊಡೆದುರುಳಿಸಿದ ಆ ನಾಮಕರಣದ ಶ್ಲೇಷೆಯನ್ನು ಮೆಚ್ಚದೆ ಇರಲು ಕನ್ನಡ ಮಾಸ್ತರನಾದ ನನಗೂ ಸಾಧ್ಯವಾಗಲಿಲ್ಲ.

ಯಾತ್ರಿಕನ ಪಾಡೇ ವಿಚಿತ್ರ ನೋಡಿ. ಅವನು ಮನೆ ಬಿಟ್ಟು ಹೋಗುವುದು ಮನೆಯಲ್ಲಿ ಇಲ್ಲದ್ದನ್ನು ಕಾಣಲೆಂದು. ತಿರುಗಿ ಬಂದು ಹೇಳಿದರೆ, ಮನೆಯಲ್ಲಿ ಇರುವಂಥದ್ದನ್ನು ಮಾತ್ರ ಜನ ನಂಬುತ್ತಾರೆ. ಆ ಊರಿನಲ್ಲಿ ರಂಜಕವಿತ್ತೆಂದರೆ ಎಲ್ಲರೂ ತಲೆದೂಗಿದರು. ಒಂಟೆಯಿತ್ತೆಂದಾಗಲೂ ತಕರಾರಿಲ್ಲ. ಅದನ್ನು ಮೆಟ್ಟಿಲು ಹತ್ತಿಸಿದೆನೋ ಇಲ್ಲವೋ, ನನ್ನ ಮಾನ ಕೆಳಗಿಳಿಯಿತು.

ಇಂಥ ಕೀರ್ತಿವಂತನಿಗೆ ನನ್ನ ಅಕ್ಕ ಸಂಗಮ್ಮ ಹೇಗೋ ಕಲ್ಯಾಣಿಯಲ್ಲೊಂದು ಸಂಬಂಧ ಹುಡುಕಿದಳು. ಇಂದಿನ ಬಸವಕಲ್ಯಾಣವನ್ನು ಆಗ ನಾವೆಲ್ಲ ಕಲ್ಯಾಣಿ ಎಂದೇ ಕರೆಯುತ್ತಿದ್ದೆವು. ಅಲ್ಲಿ ಕಿರಾಣಿ ಅಂಗಡಿಯಿಟ್ಟಿದ್ದ ಶಂಕ್ರೆಪ್ಪನವರ ಮಗಳು ಮಹಾದೇವಿ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಕ್ಕ ನನಗೆ ಒಂದೇ ಉಪದೇಶ ಮಾಡಿದಳು.

“ತಮ್ಮಾ, ನಿನಗ ಕೈಮುಗೀತೀನಿ. ಅಲ್ಲಿ ಆ ಒಂಟಿ ಸುದ್ದಿ ತಗೀಬ್ಯಾಡ. ಮದಿವಿ ಆದ ಮ್ಯಾಲ ಬೇಕಾದ್ರ ಆನಿ ಏರಿಸು.”

ನಾನು ಒಪ್ಪಿದೆ. ಆದರೆ ಕಲ್ಯಾಣಿಯ ಪೇಟೆಗೆ ಕಾಲಿಟ್ಟೊಡನೆ ನನ್ನ ಮನಸ್ಸು ಮಾತು ಕೇಳಲಿಲ್ಲ. ಸಂತೆಯ ದಿನ, ದೂರದಲ್ಲಿ ಕೋಟೆಯ ಗೋಡೆ, ಕಿರಿದಾದ ಓಣಿ, ಅಂಗಡಿಯ ಮುಂದೆ ಅಂಗಡಿಯವನ ನೆರಳು, ಬೆಲ್ಲದ ಪೆಂಟೆಯ ಮೇಲೆ ನೊಣ, ಎತ್ತಿನ ಗೆಜ್ಜೆ, ಉರ್ದು, ಕನ್ನಡ, ಮರಾಠಿಗಳು ಒಂದೇ ವಾಕ್ಯದಲ್ಲಿ ಕೂಡಿ ಬಾಳುವ ಚೌಕಾಶಿ. ಎಲ್ಲೋ ಸಮುದ್ರದಾಚೆ ದಾರಿ ತಪ್ಪಿದ್ದವನು ಇಲ್ಲಿ ಬಂದು ಹೊರಬಿದ್ದೆನೋ ಎನಿಸಿತು. ನಿಂತು ನೋಡುತ್ತಿದ್ದ ನನ್ನ ರಟ್ಟೆಯನ್ನು ಅಕ್ಕ ಹಿಡಿದೆಳೆಯದಿದ್ದರೆ ನಾನು ಹೆಣ್ಣು ನೋಡುವುದನ್ನೇ ಮರೆಯುತ್ತಿದ್ದೆ.

ಶಂಕ್ರೆಪ್ಪನವರ ಮನೆ ಅಂಗಡಿಯ ಹಿಂದೆಯೇ ಇತ್ತು. ಚುರುಮುರಿ ಸುಸಲಾ ಬಂತು, ಚಹಾ ಬಂತು. ಮಹಾದೇವಿ ತಾಟು ಇಟ್ಟು ಹೋಗುವಾಗ ಒಮ್ಮೆ ನನ್ನತ್ತ ನೋಡಿದಳು. ಆ ನೋಟದಲ್ಲಿ ನಾಚಿಕೆಗಿಂತ ಕುತೂಹಲವೇ ಹೆಚ್ಚಾಗಿತ್ತು. ಬಾಗಿಲ ಮರೆಯಲ್ಲಿ ನಿಂತಳು. ನಾನು ಒಂದೇ ಕ್ಷಣದಲ್ಲಿ ಒಪ್ಪಿಬಿಟ್ಟೆ. ಆಗ ಶಂಕ್ರೆಪ್ಪನವರು ಗಂಟಲು ಸರಿಪಡಿಸಿಕೊಂಡರು.

“ಮಾಸ್ತರ್, ಮನಿತನ ಹೊಂದ್ಯದ, ನೌಕರಿ ಅದ, ಎಲ್ಲಾ ಬರೋಬರಿ ಅದ. ಒಂದ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮಾಳಗಿ ಮ್ಯಾಲ ಒಂಟಿ ನೋಡೀನಿ ಅಂತ ಮಂದಿಗೆಲ್ಲಾ ಹೇಳಾಕತ್ತೀರಂತ. ಖರೇನ್ರಿ?”

ಅಕ್ಕನಿಗೆ ಕೆಮ್ಮು ಬಂತು.

“ಖರೆ ಅದರಿ” ಎಂದೆ.

ಒಳ್ಳೆಯ ಮನುಷ್ಯ ಅವರು. ನನಗೆ ತಪ್ಪಿಸಿಕೊಳ್ಳಲು ದಾರಿ ಮಾಡಿಕೊಟ್ಟರು. “ಪ್ರವಾಸದ ದಣಿವ್ಯಾಗ ನಿದ್ದಿಗಣ್ಣಿನಾಗ ಏನೋ ನೋಡಿರಬೇಕು, ಹೌದಲ್ರಿ?”

“ಇಲ್ರಿ, ಎಚ್ಚರಿದ್ದೆ.”

ಶಂಕ್ರೆಪ್ಪನವರು ನಿಟ್ಟುಸಿರುಬಿಟ್ಟರು. “ಹಿಂದಿನ ವರ್ಷ ನಿಜಾಮರ ರಾಜ್ಯ ಹೋಗೋ ಗದ್ದಲದಾಗ ಸುಳ್ಳು ಸುದ್ದಿ ನಂಬಿ ಎಷ್ಟ ಮಂದಿ ಮನಿಮಠ ಬಿಟ್ಟು ಓಡ್ಯಾರ, ನೀವೂ ನೋಡೀರಿ. ಬಾಯಿಗೆ ಬಂದದ್ದು ಹೇಳೋ ಮನಷ್ಯಾಗ ಮಗಳ್ನ ಕೊಡಾಕ ನನಗ ಅಂಜಿಕಿ ಬರತದ್ರಿ.”

ಅವರು ನಗಲಿಲ್ಲ. ನಾನೂ ನಗಲಿಲ್ಲ. ಒಂದು ಸುದ್ದಿಯಿಂದ ಊರು ಹೇಗೆ ಬರಿದಾಗುತ್ತದೆಂಬುದನ್ನು ಆ ವರುಷ ನಾವೆಲ್ಲ ಕಂಡಿದ್ದೆವು. ಅದುವರೆಗೆ ನನ್ನನ್ನು ನಂಬದವರ ಮೇಲೆ ನನಗಿದ್ದ ಸಿಟ್ಟು ಆ ಮಾತಿನಿಂದ ಇಳಿಯಿತು. ಆದರೆ ಒಂಟೆಯನ್ನು ಇಳಿಸುವುದು ನನ್ನಿಂದಾಗಲಿಲ್ಲ.

ಕೊನೆಗೆ ಅವರು ಎದುರಿನ ಅತ್ತರಿನ ಅಂಗಡಿಯಿಂದ ಮಕ್ಬೂಲ್ ಸಾಹೇಬರನ್ನು ಕರೆಸಿದರು. ಸಾಹೇಬರು ಹಿಂದೊಮ್ಮೆ ಅತ್ತರು ತರಲು ಮಿಸ್ರ ದೇಶಕ್ಕೆ, ಎಂದರೆ ಈಜಿಪ್ಟಿಗೆ, ಹೋಗಿ ಬಂದವರೆಂದು ಕಲ್ಯಾಣಿಯಲ್ಲಿ ಪ್ರತೀತಿ. ಆ ಗದ್ದಲದ ದಿನಗಳಲ್ಲಿ ಈ ಇಬ್ಬರೂ ಒಬ್ಬರ ಅಂಗಡಿಯ ಕೀಲಿಕೈಯನ್ನು ಇನ್ನೊಬ್ಬರ ಸೊಂಟದಲ್ಲಿ ಕಾಪಾಡಿದ ಗೆಳೆಯರು. ಹಾಗಾಗಿ ಅವರ ಮಾತೇ ಪ್ರಮಾಣ. ಮೊದಲು ಪರಿಮಳ ಬಂತು, ಹಿಂದೆ ಬಿಳಿಯ ಗಡ್ಡ, ಅದರ ಹಿಂದೆ ಸಾಹೇಬರು. ಅವರ ಬೆನ್ನಿಗೆ, ಸಂತೆಗೆ ಬಂದಿದ್ದ ಏಳೆಂಟು ಮಂದಿ.

“ಯಾವ ಊರು ಅಂದ್ರಿ?” ಎಂದರು ಸಾಹೇಬರು.

“ಕೈರವಾನ್.”

“ಹ್ಞಾಂ... ಕೈರವಾನ್.” ಕಣ್ಣು ಮುಚ್ಚಿದರು. ತೆರೆದು ನನ್ನನ್ನು ನೋಡಿದರು. ಕೆಮ್ಮಿ ಕೆಮ್ಮಿ ಸೋತಿದ್ದ ನನ್ನ ಅಕ್ಕನನ್ನು ನೋಡಿದರು. ಬಾಗಿಲ ಮರೆಯಲ್ಲಿ ಕಾಣುತ್ತಿದ್ದ ಸೀರೆಯ ಅಂಚನ್ನು ನೋಡಿದರು. ಆಮೇಲೆ ತೊಡೆ ತಟ್ಟಿದರು.

“ಅರೆ ಶಂಕ್ರೆಪ್ಪಾ, ಬಿಲ್ಕುಲ್ ಖರೆ! ನಾ ನನ್ನ ಕಣ್ಣಿಲೆ ನೋಡೀನಿ. ಮಾಳಗಿ ಮ್ಯಾಲ ನೀರು ಸೇದತಾವ. ಒಂದಲ್ಲ, ಎರಡ ಅದಾವ. ಜೋಡಿ!”

ಮಿಸ್ರಕ್ಕೂ ಕೈರವಾನಿಗೂ ಎಷ್ಟು ದೂರವೆಂಬುದು ಆ ದಾರಿಯಲ್ಲಿ ಲಾರಿ ನಡೆಸಿದ ನನ್ನ ಬೆನ್ನುಮೂಳೆಗೆ ಗೊತ್ತು. ಸುಮ್ಮನಿದ್ದರೆ ಸಾಕಾಗಿತ್ತು. ಎರಡನೆಯ ಒಂಟೆಯ ಮೇಲೆ ಕುಳಿತು ವಧು ನನ್ನ ಮನೆಗೆ ಬರುತ್ತಿದ್ದಳು. ಆದರೆ ನನ್ನ ನಾಲಿಗೆ ಲಾರಿಯಂತಲ್ಲ, ಅದಕ್ಕೆ ಬ್ರೇಕಿಲ್ಲ.

“ಎರಡಲ್ರಿ, ಒಂದ” ಎಂದೆ.

ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಎರಡ, ಮಾಸ್ತರ್” ಎಂದರು ಸಾಹೇಬರು, ಮುಳುಗುವವನಿಗೆ ಹಗ್ಗವೆಸೆದವರ ಸ್ವರದಲ್ಲಿ. “ನೀವು ಹ್ವಾದಾಗ ಒಂದು ಮೇಯಾಕ ಹೋಗಿರಬೇಕು.”

“ಮಾಳಗಿ ಮ್ಯಾಲಿಂದ ಮೇಯಾಕ ಹ್ಯಾಂಗ ಹೋಗತದ್ರಿ?”

ಕೂತವರಲ್ಲಿ ಎರಡು ಪಕ್ಷಗಳಾದವು. ಒಂಟೆಗೆ ಜೊತೆಯಿಲ್ಲದಿದ್ದರೆ ಬೇಸರವಾಗುವುದೆಂದು ಒಬ್ಬ. ಒಂದು ಬಾವಿಗೆ ಎರಡೇಕೆಂದು ಇನ್ನೊಬ್ಬ. ಸರದಿಯ ಮೇಲೆ ದುಡಿಯುತ್ತಿರಬೇಕೆಂದು ಮಗದೊಬ್ಬ. ನಾನು ಬೆರಗಾಗಿ ಕುಳಿತೆ. ಒಂಟೆ ಮಾಳಿಗೆ ಹತ್ತಬಲ್ಲದೇ ಎಂಬ ಪ್ರಶ್ನೆಯನ್ನು ಅಲ್ಲಿ ಎಲ್ಲರೂ ಮರೆತಿದ್ದರು. ನನ್ನ ಸತ್ಯ ಎಷ್ಟೋ ದಿನ ಒಂಟಿಯಾಗಿ ಸಾಧಿಸಲಾಗದ್ದನ್ನು, ಪಕ್ಕದಲ್ಲಿ ಒಂದು ಸುಳ್ಳು ಬಂದು ನಿಂತೊಡನೆ ಸಾಧಿಸಿಬಿಟ್ಟಿತ್ತು.

ಆಗ ಬಾಗಿಲ ಮರೆಯಿಂದ ಮಹಾದೇವಿಯ ದನಿ ಬಂತು. “ಅಪ್ಪಾ, ಒಂದರೆ ಇರಲಿ, ಎರಡರೆ ಇರಲಿ. ಅದನ್ನ ಮ್ಯಾಲ ಏರಿಸಿದ್ದು ಹ್ಯಾಂಗ, ಕೇಳ್ರಿ.”

ಎಲ್ಲರೂ ಸಾಹೇಬರನ್ನು ನೋಡಿದರು. ಸಾಹೇಬರು ನನ್ನನ್ನು ನೋಡಿದರು.

ಈ ಪ್ರಶ್ನೆಯನ್ನು ನಾನೂ ಆ ಮುದುಕನಿಗೆ ಕೈಸನ್ನೆಯಲ್ಲಿ ಕೇಳಿದ್ದೆ. ಅವನು ಮೊಳದುದ್ದ ಕೈಯಗಲಿಸಿ, ಕೂಸನ್ನು ಎತ್ತಿಕೊಂಡಂತೆ ಎದೆಗವಚಿಕೊಂಡು, ಮೆಟ್ಟಿಲು ಹತ್ತಿ ತೋರಿಸಿದ್ದ. ಅದನ್ನೇ ಹೇಳಿದೆ: “ಸಣ್ಣ ಮರಿ ಇದ್ದಾಗ ಎತ್ತಿಕೊಂಡು ಹೋಗ್ಯಾರಂತ್ರಿ. ಮ್ಯಾಲೇ ಬೆಳೀತಂತ.”

“ಮತ್ತ ಇಳಿಯೋದು?” ಎಂದಳು ಮಹಾದೇವಿ.

“ದೊಡ್ಡದಾದ ಮ್ಯಾಲ ಇಳಿಯಾಕ ಬರಲಿಲ್ಲಂತ್ರಿ.”

ಮಹಾದೇವಿ ಬಾಗಿಲು ದಾಟಿ ಬಂದು ಎಲ್ಲರೆದುರಿಗೆ ನಿಂತಳು. ಹೆಣ್ಣು ನೋಡಲು ಹೋದವನು ನಾನು. ಆ ಹೊತ್ತಿನಲ್ಲಿ ನೋಡಿಸಿಕೊಂಡವನೂ ನಾನೇ.

“ಅಪ್ಪಾ, ಈ ಮನಷ್ಯಾ ಸುಳ್ಳು ಹೇಳಂಗಿಲ್ಲ. ಸುಳ್ಳು ಹೇಳಾವಿದ್ರ ಎರಡ ಅಂತಿದ್ದ. ನಾ ಒಪ್ಪೀನಿ.” ಆಮೇಲೆ ನನ್ನ ಕಡೆ ತಿರುಗಿದಳು. “ಆದ್ರ ಒಂದ ಮಾತ್ರಿ. ಕಲ್ಯಾಣಿಗೆ ಬರಬೇಕು ಅನ್ನಿಸಿದಾಗ ನಾ ಬರಾಕಿ. ಯಾರೂ ತಡೀಬಾರದು. ಆ ಒಂಟಿ ಪಾಡು ನನಗ ಬ್ಯಾಡ.”

“ತಡಿಯಂಗಿಲ್ರಿ” ಎಂದೆ. ವಧುವಿಗೆ ನಾನು ಬಹುವಚನ ಹಚ್ಚಿದ್ದನ್ನು ಕೇಳಿ ಅಕ್ಕನ ಕೆಮ್ಮು ಒಮ್ಮೆಲೇ ನಿಂತಿತು.

ಮದುವೆಯ ದಿನ ಮಕ್ಬೂಲ್ ಸಾಹೇಬರು ಅತ್ತರು ಹಚ್ಚುವ ನೆವದಲ್ಲಿ ನನ್ನ ಕಿವಿಯ ಬಳಿ ಬಾಗಿದರು. “ಮಾಸ್ತರ್, ನಾ ಮುಂಬಯಿ ದಾಟಿ ಹೋದಾಂವಲ್ರಿ. ಹಡಗು ನೋಡಿದ್ರ ನನಗ ವಾಂತಿ ಬರತದ. ಅವತ್ತು ನಿಮ್ಮ ಮಾರಿ ನೋಡಿ ಪಾಪ ಅನ್ನಿಸಿ ಹಾಂಗಂದೆ. ಈಗರೆ ಹೇಳ್ರಿ, ಅಲ್ಲಾನ ಆಣಿ, ಆ ಒಂಟಿ ಇತ್ತೇನ್ರಿ?”

“ಇತ್ರಿ ಸಾಹೇಬ್ರ.”

“ಮಾಳಗಿ ಮ್ಯಾಲ?”

“ಮಾಳಗಿ ಮ್ಯಾಲ.”

“ಸುಭಾನಲ್ಲಾ!” ಎಂದು ಉದ್ಗರಿಸಿ, ಉಳಿದಿದ್ದ ಅತ್ತರನ್ನೆಲ್ಲ ನನ್ನ ಕೋಟಿಗೇ ಸುರಿದರು. ತನ್ನ ಸುಳ್ಳು ನಿಜವಾಗಿಬಿಟ್ಟದ್ದನ್ನು ಕಂಡವನ ಅಂಥ ಮುಗ್ಧ ಸಂತೋಷವನ್ನು ನಾನು ಮತ್ತೆಲ್ಲಿಯೂ ನೋಡಿಲ್ಲ.

ಮಹಾದೇವಿ ಹುಮನಾಬಾದಿಗೆ ಬಂದ ಮುಂದಿನ ತಿಂಗಳೇ ಒಂದು ಬೆಳಿಗ್ಗೆ ಗಂಟು ಕಟ್ಟಿದಳು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ತವರಿನಲ್ಲಿ ಯಾರಿಗೂ ಜಡ್ಡಿಲ್ಲ. “ಹಿಂಗ್ಯಾಕ ಹೊಂಟಾಳ?” ಎಂದು ಅಕ್ಕ ನನ್ನನ್ನು ಕೇಳಿದಳು. ಕೊಟ್ಟ ಮಾತು ನೆನಪಾಗಿ, ನಾನು ಗಂಟು ಹೊತ್ತುಕೊಂಡು ಹೋಗಿ ಬಸ್ಸು ಹತ್ತಿಸಿದೆ. ಆದರೆ ಮನೆಗೆ ಬಂದ ಮೇಲೆ ಮನಸ್ಸು ನಿಲ್ಲಲಿಲ್ಲ. ಪಾಠ ಮಾಡುವಾಗ ಉತ್ತರ ದಿಕ್ಕನ್ನು ದಕ್ಷಿಣವೆಂದೆ. ಮಕ್ಕಳು ತಿದ್ದಿದರು. ಅವಳು ಬರುವಳೋ ಇಲ್ಲವೋ ಎಂಬ ಅಂಜಿಕೆ ನನ್ನೊಳಗೆ ಇತ್ತೆಂಬುದು ನನಗೇ ಆಗ ತಿಳಿದದ್ದು.

ಮರುದಿನ ಸಂಜೆ, ನೆವ ಮಾಡಿಕೊಂಡು ಬಸ್ಸು ನಿಲ್ಲುವಲ್ಲಿಗೆ ಹೋದೆ. ಧೂಳೆಬ್ಬಿಸಿಕೊಂಡು ಕಲ್ಯಾಣಿಯ ಬಸ್ಸು ಬಂತು. ಅವಳು ಇಳಿದಳು. ಗಂಟನ್ನು ನನ್ನ ಕೈಗೆ ಕೊಟ್ಟು, ದಾರಿ ನಡೆಯುತ್ತ ಹೇಳಿದಳು:

“ಅಪ್ಪ ಅಂಗಡಿಗೆ ಬಂದವ್ರಿಗೆಲ್ಲಾ ಎರಡ ಒಂಟಿ ಅಂತ ಹೇಳಾಕತ್ತಾನ್ರಿ. ಸಂತಿಗೆ ಬಂದವ್ರು ನನ್ನ ಹಿಡದು ಕೇಳಿದ್ರು, ನಿನ್ನ ಗಂಡ ಒಂದ ಅಂತಾನ, ನಿಮ್ಮಪ್ಪ ಎರಡ ಅಂತಾನ, ಯಾವುದು ಖರೆ ಅಂತ.”

ಗಂಟನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದೆ, “ನೀ ಏನಂದಿ?”

“ಮೊದಲ ಎರಡಿದ್ದವು, ಒಂದು ಇಳದು ಹೋತು ಅಂತ ಹೇಳಿ ಬಂದೀನಿ.”